ಅರ್ಧ ಸಿನಿಮಾ ನೋಡಿ ಅಡವಿಗೆ ಹೋದ ಮಲಕಪ್ಪ

ಮಲಕಪ್ಪನನ್ನು ಸಂನ್ಯಾಸಿ ಮಾಡಿದ್ದು ಗುರುವೂ ಅಲ್ಲ, ವೇದಾಂತವೂ ಅಲ್ಲ, ಗಿರಣಿಯ ಭೋಂಗಾ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಪಾಳಿ ಬದಲಾಗುವ ಮುಂಚೆ ಅದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ರಾತ್ರಿ ಪಾಳಿಯವರಿಗೆ ಒಂಬತ್ತೂವರೆಗೆ ಒಂದು ಕೂಗು, ಹತ್ತಕ್ಕೆ ಇನ್ನೊಂದು. ಆ ಮೊದಲ ಕೂಗು ಒಂದು ತಾಸು ತಡವಾಗಿ ಬಂದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಮಲಕಪ್ಪ ನವಲಗುಂದದ ಕಡೆಯವನು. ನಾಲ್ಕು ಜಾಲಿಗಿಡ ಒಟ್ಟಿಗೆ ಕಂಡರೆ ಅದನ್ನೇ ಅಡವಿ ಅನ್ನುವ ಎರೆನೆಲದ ಸೀಮೆ ಅದು. ಗಿರಣಿ ಶುರುವಾದ ಹೊಸತರಲ್ಲಿ, ಐವತ್ತೊಂಬತ್ತರಲ್ಲಿ, ಒಂದು ಟ್ರಂಕು ಮತ್ತು ಹೊಸ ಹೆಂಡತಿಯ ಜೊತೆ ದಾಂಡೇಲಿಗೆ ಬಂದ. ಬಿದಿರು ಕೊಚ್ಚುವ ಯಂತ್ರದ ಮೇಲೆ ಕೆಲಸ. ಇಡೀ ಬಿದಿರನ್ನು ಅದರ ಬಾಯಿಗೆ ಕೊಟ್ಟರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚೂರು ಚೂರು. ಅದರ ಸದ್ದನ್ನು ಬಾಯಲ್ಲಿ ಹೇಳಲಾಗದು. ಪಕ್ಕದಲ್ಲಿದ್ದವನ ಜೊತೆ ಮಾತಾಡಬೇಕಾದರೆ ಕೈಸನ್ನೆಯೇ ಗತಿ. ಪಾಳಿ ಮುಗಿಸಿ ಬಂದರೂ ಆ ಸದ್ದು ಕಿವಿಯೊಳಗೆ ಮನೆ ಮಾಡಿಕೊಂಡು ಕೂತಿರುತ್ತಿತ್ತು.

ಮನೆಯಲ್ಲಾದರೂ ಸುಖವೇ? ಗಿರಣಿಯವರು ಕೊಟ್ಟ ಎರಡು ಕೋಣೆಯ ಮನೆ ಊರವರ ಪಾಲಿಗೆ ಧರ್ಮಶಾಲೆಯಾಗಿತ್ತು. 'ಮಲಕಪ್ಪ ನೌಕರಿ ಹಚ್ಚಿ ಕೊಡ್ತಾನ' ಅಂತ ಯಾರೋ ಹಬ್ಬಿಸಿದ್ದೇ ತಡ, ಹೆಂಡತಿಯ ತಮ್ಮ ಶಂಕ್ರಪ್ಪ ಬಂದ, ಚಿಕ್ಕಪ್ಪನ ಮಗ ದ್ಯಾಮಪ್ಪ ಬಂದ, ಅವರ ಬೆನ್ನಿಗೆ ಇನ್ನಿಬ್ಬರು ಬಂದರು. ದಿನಾ ಬೆಳಿಗ್ಗೆ ನಾಲ್ವರೂ ಗಿರಣಿಯ ಗೇಟಿನ ಮುಂದೆ ನಿಲ್ಲುವುದು, ಮಧ್ಯಾಹ್ನ ಬಂದು ಉಣ್ಣುವುದು, ಆಮೇಲೆ ಇಸ್ಪೀಟು. ಮದುವೆಯಾಗಿ ಆರು ವರ್ಷವಾಗಿದ್ದರೂ ಗಂಡಹೆಂಡತಿ ಕೂತು ನಾಲ್ಕು ಮಾತಾಡಿದ ದಿನ ಬೆರಳೆಣಿಕೆಯಷ್ಟು. ಗುರುಬಸವ್ವ ಮೊದಲೇ ಮಿತಭಾಷಿ. ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿಯುವ ಹೆಂಗಸಿಗೆ ಮಾತಾಡಲು ಉಸಿರಾದರೂ ಎಲ್ಲಿ ಉಳಿಯಬೇಕು? ಮಲಕಪ್ಪನಿಗೆ ಮಾತ್ರ ಅವಳ ಮೌನ ಅಂದರೆ ತನ್ನ ಮೇಲಿನ ಬೇಸರ ಅಂತಲೇ ಅನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ, ಅರವತ್ತೈದರ ಮಾಘ ಮಾಸದಲ್ಲಿ, ಹಳಿಯಾಳದಲ್ಲಿ ಆಟ ಮುಗಿಸಿದ ಟೂರಿಂಗ್ ಟಾಕೀಜಿನವರು ದಾಂಡೇಲಿಗೆ ಬಂದು ಟೆಂಟು ಹೊಡೆದರು. ಒಂದು ವಾರ ಒಂದೇ ಸಿನಿಮಾ. ಹೆಸರು ಮಲಕಪ್ಪನಿಗೆ ಕೊನೆಯವರೆಗೂ ನೆನಪಾಗಲಿಲ್ಲ. ಕತೆ ಮಾತ್ರ ಎದೆಗೆ ಕಚ್ಚಿಕೊಂಡಿತು. ಒಬ್ಬ ಸಾಹುಕಾರ, ಮನೆ ತುಂಬ ಆಳುಕಾಳು, ನೆಂಟರು, ಗದ್ದಲ. ಅವನಿಗೆ ಒಂದು ದಿನ ಇದೆಲ್ಲ ಸಾಕು ಅನ್ನಿಸಿ, ಕಾಲು ಹಿಡಿದು ಅಳುವ ಹೆಂಡತಿಯನ್ನು ಬಿಡಿಸಿಕೊಂಡು ಅಡವಿಗೆ ಹೋಗುತ್ತಾನೆ. ಅಲ್ಲಿ ಒಂದು ಹಳ್ಳ, ದಂಡೆಯ ಮೇಲೆ ಬಂಡೆಗಲ್ಲು. ಸಾಹುಕಾರ ಕಣ್ಣು ಮುಚ್ಚಿ ಕೂತರೆ ಒಂದು ಜಿಂಕೆ ಬಂದು ಅವನ ಪಕ್ಕದಲ್ಲೇ ನೀರು ಕುಡಿಯುತ್ತದೆ. ಇಷ್ಟಾಗುವ ಹೊತ್ತಿಗೆ ಸರಿಯಾಗಿ ಗಿರಣಿಯ ಭೋಂಗಾ ಕೂಗುತ್ತಿತ್ತು. ಟೆಂಟಿನಲ್ಲಿದ್ದ ರಾತ್ರಿ ಪಾಳಿಯವರೆಲ್ಲ ಧೋತರ ಕೊಡವಿಕೊಂಡು ಎದ್ದು ಓಡುತ್ತಿದ್ದರು.

ಮಲಕಪ್ಪನಿಗೆ ಆ ವಾರವೆಲ್ಲ ರಾತ್ರಿ ಪಾಳಿ. ನಾಲ್ಕು ಸಲ ಹೋದ, ನಾಲ್ಕು ಸಲವೂ ಜಿಂಕೆ ನೀರು ಕುಡಿಯುವವರೆಗೆ ನೋಡಿ ಎದ್ದು ಬಂದ. ಮುಂದೇನಾಯಿತು ಅಂತ ಬೇರೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಜಿಂಕೆ ಬಂದ ಮೇಲೆ ಆಗುವುದಕ್ಕೆ ಇನ್ನೇನು ಉಳಿಯಿತು ಅಂತ ಅವನ ಸಿದ್ಧಾಂತ.

ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದವನೇ ಅಡಿಗೆ ಮನೆಯ ಬಾಗಿಲಲ್ಲಿ ನಿಂತ. ತಾನು ಅಡವಿಗೆ ಹೊರಟಿರುವೆನೆಂದೂ, ತಿರುಗಿ ಬರುವುದಿಲ್ಲವೆಂದೂ, ಯಾರೂ ತನ್ನನ್ನು ಹುಡುಕಬಾರದೆಂದೂ ಹೇಳಿದ. ಗುರುಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. ಮುಖ ತಿರುವಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಉಂಡ ಹೋಗ್ರಿ" ಅಂದಳು.

ಅವಳು ಕಾಲಿಗೆ ಬೀಳುತ್ತಾಳೆ, ಬಿಡಿಸಿಕೊಳ್ಳುವುದು ಹೇಗೆ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದವನಿಗೆ ಇದರಿಂದ ಬಹಳ ಅವಮಾನವಾಯಿತು. ಉಣ್ಣಲಂತೂ ಉಂಡ. ಏಳುವಷ್ಟರಲ್ಲಿ ಅವಳು ಗಂಟು ಕಟ್ಟಿಟ್ಟಿದ್ದಳು: ಹನ್ನೆರಡು ರೊಟ್ಟಿ, ಅಗಸಿ ಹಿಂಡಿ, ಉಳ್ಳಾಗಡ್ಡಿ, ಒಂದು ಸೇರು ಜೋಳದ ನುಚ್ಚು, ಸಣ್ಣ ಬೋಗುಣಿ, ಉಪ್ಪು, ಕಡ್ಡಿಪೆಟ್ಟಿಗೆ. ಸಂನ್ಯಾಸಕ್ಕೆ ಹೊರಟವನು ಜಾತ್ರೆಗೆ ಹೊರಟವನ ಹಾಗೆ ಗಂಟು ಹೊತ್ತು ಹೊರಬಿದ್ದ. ಅತಿಥಿಗಳು ನಾಲ್ವರೂ ಆಗ ಗಿರಣಿಯ ಗೇಟಿನಲ್ಲಿದ್ದರು.

ಎಲ್ಲಿಗೆ ಹೋಗಬೇಕೆಂಬುದನ್ನು ಅವನು ಮೊದಲೇ ಗೊತ್ತು ಮಾಡಿಕೊಂಡಿದ್ದ, ಅದರಲ್ಲಿ ಗಿರಣಿಯವನ ಬುದ್ಧಿಯೆಲ್ಲ ಖರ್ಚಾಗಿತ್ತು. ಜಂಗಲ್ ಖಾತೆಯವರು ಕಡಿಯಲೆಂದು ಗುರುತು ಹಾಕಿ ಕೊಡುವ ಕಾಡಿನ ತುಂಡಿಗೆ ಕೂಪು ಅನ್ನುತ್ತಾರೆ. ಬಿದಿರಿನ ಹೊರೆಗಳು ಕೂಪಿನ ನಂಬರಿನೊಡನೆ ಗಿರಣಿಗೆ ಬರುತ್ತಿದ್ದವು. ಒಂದು ಕೂಪನ್ನು ಒಮ್ಮೆ ಕಡಿದರೆ ಮತ್ತೆ ನಾಲ್ಕು ವರ್ಷ ಅದರ ತಂಟೆಗೆ ಯಾರೂ ಹೋಗುವಂತಿಲ್ಲ. ಹಾಗಾದರೆ ಹೋದ ವರ್ಷ ಕಡಿದು ಮುಗಿಸಿದ ಒಂಬತ್ತನೇ ಕೂಪಿಗೆ ಇನ್ನು ಮೂರು ವರ್ಷ ನರಪಿಳ್ಳೆಯೂ ಬರುವುದಿಲ್ಲ! ಇದಕ್ಕಿಂತ ಒಳ್ಳೆಯ ತಪೋವನ ಎಲ್ಲಿದೆ? ಹೊರೆಗಳ ಮೇಲಿನ ನಂಬರು ಓದಿ ಕಾಡನ್ನು ಬಲ್ಲವನಿಗೆ ಕಡಿದ ಕೂಪಿನಲ್ಲಿ ಕಾಡೇ ಇರುವುದಿಲ್ಲ ಅನ್ನುವುದು ಹೊಳೆಯಲಿಲ್ಲ.

ಖಾಲಿ ಲಾರಿಯೊಂದರಲ್ಲಿ ಭಾಗವತಿ ಅನ್ನುವ ಹಳ್ಳಿಯ ತನಕ ಹೋಗಿ, ಅಲ್ಲಿಂದ ಹಳೆಯ ಲಾರಿ ದಾರಿ ಹಿಡಿದು ಎರಡು ತಾಸು ನಡೆದು, ಮಲಕಪ್ಪ ತನ್ನ ತಪೋವನ ತಲುಪಿದ. ನೋಡಿದರೆ ಬರೀ ಮೋಟು ಮೆಳೆ. ಅವುಗಳ ನಡುವೆ ಮೊಣಕಾಲುದ್ದ ಒಣಗಿ ಬಿದ್ದ ಬಿದಿರಿನ ತುದಿ, ಮುಳ್ಳು, ತರಗು. ನೆರಳು ಅಂದರೆ ಕಡಿಯಲಾಗದೆ ಬಿಟ್ಟ ಒಂದೆರಡು ಹಳೆಯ ಮರ. ಹಳ್ಳವೇನೋ ಇತ್ತು, ಮಾಘದ ಬಿಸಿಲಿಗೆ ಅದು ಸೊರಗಿ ಒಂದು ಮಡುವಾಗಿ ನಿಂತಿತ್ತು. ದಂಡೆಯಲ್ಲಿ ಬಂಡೆಗಲ್ಲೂ ಇತ್ತು, ಅದು ರೊಟ್ಟಿ ಸುಡುವಷ್ಟು ಕಾದಿತ್ತು.

ಆದರೂ ಕೂತ. ಎರಡು ದಿನ ಕೂತ. ಜಿಂಕೆ ಬರಲಿಲ್ಲ, ಉಣ್ಣಿ ಬಂದವು. ಕೆಂಪಿರುವೆ ಬಂದು ಅಗಸಿ ಹಿಂಡಿಯ ಗಂಟನ್ನು ವಶ ಮಾಡಿಕೊಂಡವು. ಕತ್ತಲಾದರೆ ಮರದ ಕವಲಿನ ಮೇಲೆ, ಬೆಳಗಾದರೆ ಬಂಡೆಯ ಮೇಲೆ. ಎಲ್ಲಕ್ಕಿಂತ ದೊಡ್ಡ ಆಘಾತ ಬೇರೆಯೇ ಇತ್ತು. ಸುತ್ತ ಸದ್ದಿಲ್ಲದ್ದರಿಂದ ಕಿವಿಯೊಳಗಿನ ಯಂತ್ರ ಇನ್ನೂ ಜೋರಾಗಿ ಓಡತೊಡಗಿತು. ಗಿರಣಿಯನ್ನು ಬಿಟ್ಟು ಬಂದೆ ಅಂದುಕೊಂಡಿದ್ದ, ಅದು ಅವನ ಜೊತೆಗೇ ಲಾರಿ ಹತ್ತಿ ಬಂದಿತ್ತು. ಎರಡನೇ ದಿನ ಸಂಜೆ ಅವನಿಗೆ ಮನೆಯ ನೆನಪಾಯಿತು. ಇದ್ದಕ್ಕಿದ್ದಂತೆ ಗುರುಬಸವ್ವನ ಕೈ, ಒಂದು ಗಳಿಗೆ ನಿಂತ ಆ ಕೈ, ಕಣ್ಣಿಗೆ ಕಟ್ಟಿತು. ತಿರುಗಿ ಹೋಗಬೇಕು ಅನ್ನಿಸಿತು. ಆದರೆ ಹೋಗುವುದು ಹೇಗೆ? ಇಷ್ಟು ಹೊತ್ತಿಗೆ ಗಿರಣಿಯಲ್ಲಿ, ಕಾರ್ಮಿಕರ ಮನೆಗಳ ಲೈನಿನಲ್ಲಿ, ಗೇಟಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ. ಸಂನ್ಯಾಸಿ ಮಲಕಪ್ಪ ಎರಡೇ ದಿನಕ್ಕೆ ರೊಟ್ಟಿ ಹುಡುಕಿಕೊಂಡು ಬಂದ ಅಂತ ನಗುತ್ತಾರೆ. ನಗುವುದಿರಲಿ, ಹೇಳದೆ ಕೇಳದೆ ಹೋದವನ ಹೆಸರನ್ನು ಗಿರಣಿಯವರು ಎಷ್ಟು ದಿನ ಇಟ್ಟುಕೊಂಡಾರು? ಹೆಸರು ಹೋದರೆ ಮನೆಯೂ ಹೋಯಿತು.

ಮೂರನೇ ದಿನ ಬೆಳಿಗ್ಗೆ ರೊಟ್ಟಿ ಮುಗಿದಿತ್ತು. ಮೂರು ಕಲ್ಲು ಹೂಡಿ, ಬೋಗುಣಿ ಇಟ್ಟು, ನುಚ್ಚು ಬೇಯಿಸಲು ಬೆಂಕಿ ಹಚ್ಚಿದ. ಎರೆಹೊಲದಲ್ಲಿ ಎಲ್ಲಿ ಒಲೆ ಹೂಡಿದರೂ ಸುತ್ತ ಸುಡುವಂಥದ್ದೇನೂ ಇರುವುದಿಲ್ಲ. ಅಲ್ಲಿ ಬೆಳೆದವನಿಗೆ ಬೆಂಕಿ ಅಂದರೆ ಒಲೆಯೊಳಗೆ ಇರುವ ಪ್ರಾಣಿ. ಇಲ್ಲಿ ಅದು ಒಲೆ ಬಿಟ್ಟು ಹೊರಗೆ ಬಂತು. ನೋಡನೋಡುತ್ತಲೇ ತರಗಿಗೆ ಹತ್ತಿ, ತರಗಿನಿಂದ ತುದಿಗಳಿಗೆ ಹತ್ತಿ, ಒಣ ಬಿದಿರಿನ ಗೆಣ್ಣುಗಳು ಗುಂಡು ಹಾರಿಸಿದ ಹಾಗೆ ಸಿಡಿಯತೊಡಗಿದವು. ಮಲಕಪ್ಪ ತನ್ನ ಅಂಗಿ ಬಿಚ್ಚಿ ಬಡಿದ, ಅಂಗಿಗೂ ಹತ್ತಿತು.

ಅಷ್ಟರಲ್ಲಿ ಮೋಟು ಮೆಳೆಗಳ ನಡುವಿನಿಂದ ಒಬ್ಬ ಹೆಂಗಸು ಓಡಿ ಬಂದಳು. ಮಾತಿಲ್ಲ ಕತೆಯಿಲ್ಲ, ಹಸಿ ಟೊಂಗೆ ಮುರಿದು ಒಂದನ್ನು ಅವನ ಕೈಗೆ ತುರುಕಿ, ಇನ್ನೊಂದರಿಂದ ಬೆಂಕಿಯ ಮುಂಗಡೆ ಹೋಗಿ ಬಡಿಯತೊಡಗಿದಳು. ಗಾಳಿ ಇರಲಿಲ್ಲ, ಹಳ್ಳ ಹತ್ತಿರವಿತ್ತು, ಅದು ಅವನ ಪುಣ್ಯ. ಅರ್ಧ ತಾಸಿನಲ್ಲಿ ರಾಶಿ ಮಾಡುವ ಒಂದು ಕಣದಷ್ಟು ಜಾಗ ಕರಿಯಾಗಿ, ಬೆಂಕಿ ಸತ್ತಿತು. ಇಬ್ಬರೂ ಮಡುವಿನ ಪಕ್ಕ ಕುಸಿದು ಕೂತರು.

ಅವಳ ಹೆಸರು ರೋಜಿ. ಆ ಕಾಡಿನಂಚಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬೇಸಾಯ, ಕೂಲಿ ಮಾಡಿಕೊಂಡು ಬಂದ ಸಿದ್ದಿ ಜನದವಳು. ವಯಸ್ಸು ನಲವತ್ತೈದರ ಆಜುಬಾಜು, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಶಿಲುಬೆ. ಸೀಗೆಕಾಯಿ ಆರಿಸಲು ಬಂದವಳು ಹೊಗೆ ಕಂಡು ಓಡಿ ಬಂದಿದ್ದಳು. ಉಸಿರು ತಿರುಗಿದ ಮೇಲೆ ಅವನಿಗೆ ಹೊಟ್ಟೆ ತುಂಬ ಬೈದಳು. ನೀನು ಹಚ್ಚಿ ಹೋಗುತ್ತೀ, ನಾಳೆ ಗಾರ್ಡ್ ಬಂದು ಹಿಡಿಯುವುದು ನಮ್ಮನ್ನು ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಮಲಕಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ, ನೀನು ಯಾರು, ಇಲ್ಲಿ ಯಾಕೆ ಕೂತಿದ್ದೀ ಅಂತ ಅವಳು ಕೇಳಿದಾಗ, ಸಿನಿಮಾದಿಂದ ಹಿಡಿದು ಎಲ್ಲ ಹೇಳಿದ.

ರೋಜಿ ಅವನನ್ನೇ ನೋಡಿದಳು. ಆ ಸಿನಿಮಾ ಹಳಿಯಾಳದಲ್ಲಿದ್ದಾಗ ಸಂತೆಗೆ ಹೋದವಳು ತಾನೂ ನೋಡಿದ್ದೆ ಅಂದಳು.

"ನೀ ಪೂರಾ ನೋಡೀಯೇನು, ತಮ್ಮಾ?"

ಜಿಂಕೆ ನೀರು ಕುಡಿಯುವವರೆಗೆ ನೋಡಿದ್ದೇನೆ ಅಂದ. ಅದು ಅರ್ಧ ಅಂದಳು ರೋಜಿ. ಉಳಿದರ್ಧವನ್ನು ಅವಳು ಬೂದಿ ಮೆತ್ತಿದ ಕೈ ತೊಳೆದುಕೊಳ್ಳುತ್ತ ಹೇಳಿದಳು. ಸಾಹುಕಾರ ಹನ್ನೆರಡು ವರ್ಷ ಅಡವಿಯಲ್ಲಿರುತ್ತಾನೆ. ಒಂದು ದಿನ ಹೆಂಡತಿಯ ನೆನಪಾಗಿ ಊರಿಗೆ ಬರುತ್ತಾನೆ. ಮನೆ ಬಿದ್ದಿರುತ್ತದೆ. ಕಾದು ಕಾದು ಬುದ್ಧಿ ಮಂಕಾದ ಹೆಂಡತಿ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅವನನ್ನು ನೋಡಿ ಯಾರೋ ಭಿಕ್ಷುಕ ಅಂದುಕೊಂಡು, ತನ್ನ ಪಾಲಿನ ಅನ್ನದಲ್ಲಿ ಅರ್ಧ ಅವನಿಗೆ ಹಾಕುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

"ಟೆಂಟಿನಾಗ ಹೆಂಗಸರೆಲ್ಲಾ ಅತ್ರು" ಅಂದಳು ರೋಜಿ. "ನಾ ಅಳಲಿಲ್ಲ. ತಡ ಆದ್ರೂ ಅವ ಬಂದ್ನಲ್ಲಾ ಅನಿಸ್ತು."

ಅವಳು ಸೀಗೆಕಾಯಿಯ ಚೀಲ ಹತ್ತಿರಕ್ಕೆಳೆದುಕೊಂಡು ತನ್ನದನ್ನೂ ಹೇಳಿದಳು. ಗೋವಾದಲ್ಲಿ ಪೋರ್ಚುಗೀಸರಿದ್ದಾಗ ಅವಳ ಗಂಡ ಗಣಿಯ ಕೂಲಿಗೆ ಅಂತ ಹೋದ. ಆಮೇಲೆ ಗಡಿ ಮುಚ್ಚಿತು, ಹೋದವರ ಸುದ್ದಿ ನಿಂತಿತು. ಗೋವಾ ಬಿಡುಗಡೆಯಾಗಿ ಗಡಿ ತೆರೆದಾಗ ಅವನ ಜೊತೆ ಹೋಗಿದ್ದವರು ಒಬ್ಬೊಬ್ಬರೇ ಊರಿಗೆ ಬಂದರು. ಅವನು ಬರಲಿಲ್ಲ. ಸತ್ತ ಅಂತ ಹೇಳಿದವರೂ ಇಲ್ಲ, ಇದ್ದಾನೆ ಅಂದವರೂ ಇಲ್ಲ. ಸತ್ತವರ ಪ್ರಾರ್ಥನೆಯಲ್ಲಿ ಅವನ ಹೆಸರು ಓದಲೇನು ಅಂತ ಪಾದ್ರಿಗಳು ವರ್ಷ ವರ್ಷವೂ ಕೇಳುತ್ತಾರೆ, ಅವಳಿಗೆ ಉತ್ತರ ಗೊತ್ತಿಲ್ಲ.

"ಬರೂದಿಲ್ಲಂತ ಹೇಳಿ ಬಂದೀ. ನಿನ್ನ ಹೇಣ್ತಿ ಕೈಯಾಗಿನ ಬಳಿ ಇಟಗೋಬೇಕೋ, ತಗೀಬೇಕೋ? ಅದನ್ನ ಹೇಳಿ ಬಂದೀಯೇನು?"

ಮಲಕಪ್ಪನಿಗೆ ಅಳು ಬಂತು. ಮೂವತ್ತೆರಡು ವರ್ಷದ ಗಂಡಸು, ಅಂಗಿಯಿಲ್ಲದೆ, ಮೈಗೆಲ್ಲ ಮಸಿ ಬಳಿದುಕೊಂಡು, ಪರಿಚಯವಿಲ್ಲದ ಹೆಂಗಸಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ತಾನು ಎಂಥ ಕೆಲಸ ಮಾಡಿ ಬಂದಿದ್ದೇನೆ ಅನ್ನುವುದು ಅವನಿಗೆ ಅರ್ಥವಾಗಿದ್ದು ಆಗಲೇ. ಅಳು ನಿಂತ ಮೇಲೆ ರೋಜಿ ಸೀಗೆಕಾಯಿ ಚೀಲವನ್ನು ಅವನ ತಲೆಯ ಮೇಲೆ ಹೊರಿಸಿ, ತನ್ನ ಹಳ್ಳಿಗೆ ಕರೆದುಕೊಂಡು ಹೋದಳು. ಅವನ ಕೊರಳಲ್ಲಿ ಲಿಂಗ ಇದ್ದುದನ್ನು ನೋಡಿ ಮೀನಿನ ಗಡಿಗೆ ಆಚೆಗಿಟ್ಟು ಬರೀ ಗಂಜಿ ಉಪ್ಪಿನಕಾಯಿ ಬಡಿಸಿದಳು. ಗಂಡನ ಹಳೆಯ ಅಂಗಿಯೊಂದನ್ನು ಟ್ರಂಕಿನಿಂದ ತೆಗೆದು ಕೊಟ್ಟಳು. ಮರುದಿನ ಬೆಳಿಗ್ಗೆ ರಸ್ತೆಯ ತನಕ ಬಂದು, ಬಿದಿರು ತುಂಬಿದ ಲಾರಿ ನಿಲ್ಲಿಸಿ ಹತ್ತಿಸಿದಳು.

ಬಿದಿರಿನ ಹೇರಿನ ಮೇಲೆ ಕೂತು ದಾಂಡೇಲಿಗೆ ಬರುವಷ್ಟು ಹೊತ್ತೂ ಮಲಕಪ್ಪನ ಜೀವದಲ್ಲಿ ಜೀವವಿರಲಿಲ್ಲ. ಜನ ನಕ್ಕರೆ ನಗಲಿ, ನೌಕರಿ ಹೋದರೆ ಹೋಗಲಿ, ಅವಳೊಬ್ಬಳು ಮನೆಯಲ್ಲಿದ್ದರೆ ಸಾಕು ಅಂತ ಊರಲ್ಲಿರುವ ದೇವರಿಗೆಲ್ಲ ಹರಕೆ ಹೊತ್ತ. ಹೊರವಲಯದಲ್ಲೇ ಇಳಿದು, ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು, ಲೈನಿನ ಕಡೆ ನಡೆದ. ಹನ್ನೊಂದು ಗಂಟೆ ಹೊತ್ತು, ಗಂಡಸರು ಪಾಳಿಯಲ್ಲಿ, ಹೆಂಗಸರು ನಲ್ಲಿಯ ಹತ್ತಿರ.

ತನ್ನ ಮನೆ ಕಂಡಾಗ ಅವನ ಕಾಲು ಅಲ್ಲೇ ನಿಂತವು. ಬಾಗಿಲ ಮೇಲೆ ಬೇವಿನ ತೊಪ್ಪಲು ಕಟ್ಟಿತ್ತು.

ಮೈತುಂಬ ನೀರುಗುಳ್ಳೆ ಎದ್ದರೆ ಆ ಸೀಮೆಯಲ್ಲಿ ಅದನ್ನು ರೋಗ ಅನ್ನುವುದಿಲ್ಲ, ತಾಯಿ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟಿದರೆ ಹೊರಗಿನವರು ಹೊಸ್ತಿಲು ದಾಟುವುದಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಐದನೇ, ಏಳನೇ ಇಲ್ಲವೇ ಒಂಬತ್ತನೇ ದಿನ, ಬೆಸವೇ ಆಗಬೇಕು, ಬೇವು ಹಾಕಿ ಕಾಸಿದ ನೀರನ್ನು ಮೈಮೇಲೆ ಹುಯ್ದರೆ ತಾಯಿ ಹೋದಳು ಅಂತ ಅರ್ಥ. ಗುರುಬಸವ್ವನಿಗೆ ತಾಯಿ ಬಂದಿದ್ದಾಳೆ, ಮನೆಯಲ್ಲಿ ನೋಡುವವರಿಲ್ಲ, ಎಲ್ಲ ತನ್ನಿಂದ. ಮಲಕಪ್ಪ ಹಿತ್ತಿಲಿಗೆ ಓಡಿ ಹಿಂಬಾಗಿಲು ತಳ್ಳಿದ.

ಗುರುಬಸವ್ವ ಒಲೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಮುಖದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

"ಲಗೂನ ಒಳಗ ಬರ್ರಿ, ಯಾರರ ನೋಡ್ಯಾರು" ಅಂದಳು. "ನಿಮಗ ತಾಯಿ ಬಂದಾಳ."

ಅವಳು ಬಾಗಿಲು ಹಾಕಿ ಅಗಳಿ ಜಡಿದು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಅವನು ಅತ್ತ ಹೋದದ್ದೇ ಇತ್ತ ಅವಳು ಬೇವು ಕಿತ್ತು ತಂದು ಬಾಗಿಲಿಗೆ ಕಟ್ಟಿದ್ದಳು. ಗೇಟಿನಿಂದ ಬಂದ ನಾಲ್ವರೂ ತೊಪ್ಪಲು ನೋಡಿ ಹೊಸ್ತಿಲ ಹೊರಗೇ ನಿಂತರು. ನಿಮ್ಮ ಭಾವಗ ತಾಯಿ ಬಂದಾಳ ಅಂತ ಅವಳು ಅಂದ ಕೂಡಲೇ ಶಂಕ್ರಪ್ಪನಿಗೆ ಊರಲ್ಲಿ ಬಿತ್ತನೆಯಿಲ್ಲದ ಕಾಲದಲ್ಲೂ ಹೊಲದ ಕೆಲಸ ನೆನಪಾಯಿತು. ಉಳಿದವರೂ ಕತ್ತಲಾಗುವುದರೊಳಗೆ ಹಾಸಿಗೆ ಸುತ್ತಿಕೊಂಡು ಹೋದರು. ಮರುದಿನ ಗಿರಣಿಯ ಹಾಜರಿ ಕಚೇರಿಯಿಂದ ಸೋಮಪ್ಪ ವಿಚಾರಿಸಲು ಬಂದ. ಅವನು ಹತ್ತು ಮಾರು ದೂರದಲ್ಲೇ ಚಪ್ಪಲಿ ಬಿಟ್ಟು, ತೊಪ್ಪಲಿಗೆ ಕೈಮುಗಿದು, ನೀರು ಹುಯ್ದ ಮೇಲೇ ಕೆಲಸಕ್ಕೆ ಬರಲಿ, ಅಲ್ಲಿಯವರೆಗೆ ರಜೆ ಬರೆಸುತ್ತೇನೆ ಅಂತ ಹೇಳಿ ಹೋದ. ಮಲಕಪ್ಪ ಸಂನ್ಯಾಸಿಯಾದ ಸಂಗತಿ ದಾಂಡೇಲಿಯಲ್ಲಿ ಅವಳೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಮಲಕಪ್ಪ ಗೋಡೆಗೊರಗಿ ಕೆಳಕ್ಕೆ ಜಾರಿದ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಅವನಿಗೆ ನಗು ಬಂತು. ತಾಯಿ ಬಂದ ಮನೆಯಲ್ಲಿ ನಗಬಾರದು ಅಂತ ಗುರುಬಸವ್ವ ಅವನ ಬಾಯಿಗೆ ಸೆರಗು ಒತ್ತಿದಳು. ಒತ್ತಿದವಳಿಗೇ ನಗು ತಡೆಯಲಾಗಲಿಲ್ಲ.

ಅವನು ಅಂದು ನಾಲ್ಕನೇ ದಿನದ ರೋಗಿ. ಇನ್ನು ಮೂರು ದಿನ ಬೇವಿನ ಎಲೆಯ ಮೇಲೆ ಮಲಗಲೇಬೇಕಾಯಿತು. ಅನ್ನ, ಮೊಸರು, ಮತ್ತೆ ಅನ್ನ. ಕದ ತಟ್ಟುವವರಿಲ್ಲ, ಇಸ್ಪೀಟಿಲ್ಲ, ಭೋಂಗಾ ಕೂಗಿದರೆ ಏಳಬೇಕಾಗಿಲ್ಲ. ನಾಲ್ಕು ಜನದ ರೊಟ್ಟಿ ತಪ್ಪಿದ ಮೇಲೆ ಗುರುಬಸವ್ವನಿಗೆ ಮಾತು ಬಂತು. ಬಂದದ್ದು ಅಂದರೆ ಆರು ವರ್ಷದ್ದು ಒಟ್ಟಿಗೇ ಬಂತು. ತವರಿನ ಬಾವಿಯಲ್ಲಿ ಈಜು ಕಲಿತದ್ದು, ದಾಂಡೇಲಿಗೆ ಬಂದ ಮೊದಲ ಮಳೆಗಾಲದಲ್ಲಿ ಹೆದರಿ ಅತ್ತದ್ದು, ಎಲ್ಲ ಪಿಸುದನಿಯಲ್ಲಿ. ಅವನು ರೋಜಿಯ ಕತೆ ಹೇಳಿದಾಗ ಆ ಅಂಗಿಯನ್ನು ತೊಳೆದು ಮಡಿಚಿಟ್ಟು, ತಿರುಗಿ ಕೊಡಲು ತಾನೂ ಬರುತ್ತೇನೆ ಅಂದಳು. ಆರನೇ ದಿನ ಸಂಜೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಮಲಕಪ್ಪನಿಗೆ ಕೇಳಿಸಿತು. ಕಿವಿಯೊಳಗಿನ ಯಂತ್ರ ಯಾವಾಗ ನಿಂತಿತ್ತೋ ಅವನಿಗೇ ಗೊತ್ತಾಗಿರಲಿಲ್ಲ.

ಏಳನೇ ದಿನ ಬೆಳಿಗ್ಗೆ ಗುರುಬಸವ್ವ ಹಂಡೆಯಲ್ಲಿ ಬೇವು ಹಾಕಿ ನೀರು ಕಾಸಿದಳು. ಲೈನಿನವರಿಗೆ ತಿಳಿಯಲೆಂದು ಬೇಕೆಂದೇ ಹಿತ್ತಿಲಲ್ಲಿ ತಂಬಿಗೆ ಸದ್ದು ಮಾಡಿದಳು. ಮಲಕಪ್ಪ ಬಚ್ಚಲ ಕಲ್ಲಿನ ಮೇಲೆ ಕೂತ. ಮೊದಲ ತಂಬಿಗೆ ಬೆನ್ನ ಮೇಲೆ ಬಿದ್ದಾಗ, ಮೂರು ದಿನದಿಂದ ಗಂಟಲಲ್ಲೇ ಇದ್ದ ಮಾತು ಕೇಳಿಯೇಬಿಟ್ಟ.

"ಇವತ್ತಿಗೂ ನಾ ಬರದಿದ್ರ ಏನ ಮಾಡ್ತಿದ್ದಿ?"

"ಒಂಬತ್ತನೇ ದಿವಸ ನೀರ ಹಾಕ್ತಿದ್ದೆ" ಅಂದಳು ಅವಳು, ಇನ್ನೊಂದು ತಂಬಿಗೆ ಎತ್ತಿ.

"ಒಂಬತ್ತಕ್ಕೂ ಬರದಿದ್ರ?"

"ಹನ್ನೊಂದಕ್ಕ."

ಮುಂದಿನದನ್ನು ಅವನು ಕೇಳಲಿಲ್ಲ. ಅವಳು ಅವನ ತಲೆಯ ಮೇಲೆ ಒಂದರ ಹಿಂದೊಂದು ತಂಬಿಗೆ ಹುಯ್ಯುತ್ತಲೇ ಹೋದಳು, ನೀರು ಮುಗಿಯುವವರೆಗೂ ಅವನು ತಲೆ ಎತ್ತಲಿಲ್ಲ.